ಐದು ಎಂದವಳು, ಎಂಟು ಎಂದವನು

ನಮ್ಮೂರಿನಲ್ಲಿ ಯಾರಾದರೂ ನ್ಯುಮೋನಿಯಾ ಆಗಿ ಆಸ್ಪತ್ರೆಯ ಎದೆ ವಾರ್ಡಿಗೆ ಸೇರಿದರೆ ಮನೆಯವರು ಮೊದಲು ಹುಡುಕುತ್ತಿದ್ದದ್ದು ನನ್ನನ್ನು. ಡಾಕ್ಟರು ಆಮೇಲೆ. ಔಷಧ ಕೊಡುವುದು ಅವರ ಕೆಲಸ, ದಿನ ಹೇಳುವುದು ನನ್ನ ಕೆಲಸ. ಈ ಮನುಷ್ಯ ಎಷ್ಟನೆಯ ದಿನ ಎದ್ದು ಮನೆಗೆ ಹೋಗುತ್ತಾನೆ ಎಂದು ನಾನೊಂದು ಅಂಕಿ ಹೇಳಬೇಕು, ಅದನ್ನು ಅವರ ಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದು ಬರಬೇಕು. ಇದಕ್ಕೆ ದಿನಗಾರಿಕೆ ಅಂತ ಹೆಸರು. ಇಪ್ಪತ್ತೆರಡು ವರ್ಷ ಗುರುಶಿದ್ದಪ್ಪನಾದ ನಾನೇ ಈ ಊರಿನ ದಿನಗಾರ. ಬದುಕಿ ಬರದವರ ಬಾಗಿಲ ಮೇಲೂ ನಾನು ಅಂಕಿ ಬರೆದದ್ದುಂಟು. ಆ ಮಾತು ಇಲ್ಲಿ ಬೇಡ.

ಅಂಕಿ ಯಾಕೆ ಬೇಕೆಂದರೆ, ಎದೆ ವಾರ್ಡಿನಲ್ಲಿ ಒಬ್ಬರು ಮಲಗಿರುವಷ್ಟು ದಿನ ಅವರ ಮನೆಯ ಒಲೆ ಉರಿಯುವಂತಿಲ್ಲ. ಬಾಗಿಲ ಮೇಲೆ ಏಳು ಎಂದಿದ್ದರೆ ಬಲಗಡೆಯ ಏಳು ಮನೆಗಳವರು ದಿನಕ್ಕೊಬ್ಬರಂತೆ ಬುತ್ತಿ ತರುತ್ತಾರೆ. ಎಂಟನೆಯ ದಿನ ಯಾರೂ ತರುವಂತಿಲ್ಲ, ಆ ಮನೆಯವರು ಬೇರೆ ಮನೆಯಲ್ಲಿ ಕೂತು ಉಣ್ಣುವಂತೆಯೂ ಇಲ್ಲ. ಒಮ್ಮೆ ಬರೆದ ಅಂಕಿಯನ್ನು ಅಳಿಸಿ ಇನ್ನೊಂದು ಬರೆಯುವ ಪದ್ಧತಿಯಂತೂ ಇಲ್ಲವೇ ಇಲ್ಲ. ಆದ್ದರಿಂದ ನಾನು ಏಳು ಎಂದವನು ಒಂಬತ್ತನೆಯ ದಿನ ಎದ್ದರೆ ಎರಡು ದಿನ ಆ ಮನೆಯವರಿಗೆ ಬಾಳೆಹಣ್ಣು, ನೆನೆಸಿದ ಅವಲಕ್ಕಿಯೇ ಗತಿ. ಬುದ್ಧಿವಂತ ಹೆಂಗಸರು ಇದಕ್ಕೊಂದು ದಾರಿ ಕಂಡುಕೊಂಡಿದ್ದರು. ಚಳಿಗಾಲ ಶುರುವಾಗುವ ಮೊದಲೇ ಕಟಕ ರೊಟ್ಟಿ ಬಡಿದು, ಒಣಗಿಸಿ, ಬಟ್ಟೆಯಲ್ಲಿ ಕಟ್ಟಿ ಇಟ್ಟುಕೊಳ್ಳುತ್ತಿದ್ದರು. ಮೊದಲೇ ಸುಟ್ಟ ರೊಟ್ಟಿಗೆ ನಿಷೇಧವಿರಲಿಲ್ಲ. ಆ ಗಂಟಿಗೆ ಅವರು 'ಗುರುಶಿದ್ದಪ್ಪನ ರೊಟ್ಟಿ' ಎಂದು ಹೆಸರಿಟ್ಟಿದ್ದರೆಂಬುದು ನನಗೆ ಬಹಳ ವರ್ಷ ಗೊತ್ತಿರಲಿಲ್ಲ.

ಹಾಗೆಂದು ನಾನು ಸೋಮಾರಿ ಆಗಿರಲಿಲ್ಲ. ರೋಗಿಯ ಬೆನ್ನಿಗೆ ಕಿವಿ ಹಚ್ಚಿ ಕೇಳುತ್ತಿದ್ದೆ. ಬಿಸಿ ಬಾಣಲೆಗೆ ಹರಳುಪ್ಪು ಹಾಕಿದರೆ ಚಿಟಿಚಿಟಿ ಎನ್ನುತ್ತದಲ್ಲ, ಆ ಸದ್ದು ಒಂದೇ ಕಡೆ ಇದೆಯೋ ಎರಡೂ ಕಡೆಯೋ ನೋಡುತ್ತಿದ್ದೆ. ನಿಮಿಷಕ್ಕೆ ಉಸಿರೆಷ್ಟು, ವಯಸ್ಸೆಷ್ಟು, ಉಗುರಿನ ಬಣ್ಣವೇನು, ಮಾತು ತಡವರಿಸುತ್ತದೆಯೇ, ಎಲ್ಲ ನೋಡಿ ಅಂಕಿ ಹೇಳುತ್ತಿದ್ದೆ. ಹತ್ತರಲ್ಲಿ ಏಳು ಸರಿ ಹೋಗುತ್ತಿದ್ದವು. ನನ್ನ ಹಿಂದಿನ ದಿನಗಾರನದು ನಾಲ್ಕೂ ಹೋಗುತ್ತಿರಲಿಲ್ಲವಂತೆ. ನಾನು ಬೀದಿಯಲ್ಲಿ ಹೊರಟರೆ ಕಟ್ಟೆಯ ಮೇಲೆ ಕೂತವರು ಏಳುತ್ತಿದ್ದರು. ಅದು ನನಗೆ ಸಾಕಾಗಿತ್ತು.

ಬಾಳವ್ವ ವಾರ್ಡಿನ ಆಯಾ. ಹಿತ್ತಲಿನ ಹಂಡೆಯಲ್ಲಿ ನೀರು ಕಾಯಿಸಿ, ರೋಗಿಗಳ ಕೈಕಾಲು ಒರೆಸಿ, ಹಾಸಿಗೆ ಬಟ್ಟೆ ಬದಲಿಸುವುದು ಅವಳ ಕೆಲಸ. ನಲವತ್ತರ ಆಸುಪಾಸಿನ ಬಡಕಲು ಹೆಂಗಸು. ಓದು ಬರಹ ಇಲ್ಲ. ಮಾತು ಮಾತ್ರ ಬಹಳ. ಎಂಟು ವರ್ಷ ಅವಳು ಅದೇ ವಾರ್ಡಿನಲ್ಲಿ ಓಡಾಡಿದ್ದರೂ ನಾನು ಅವಳನ್ನು ನೆಟ್ಟಗೆ ನೋಡಿದ್ದಿಲ್ಲ. ನೋಡಬೇಕಾಗಿ ಬಂದದ್ದು ದರ್ಜಿ ಮೋನಪ್ಪ ಮಲಗಿದಾಗ. ನಾನು ಆರು ಎಂದೆ. ಅವನ ತಾಯಿ ಹಂಡೆಯ ಹತ್ತಿರ ನಿಂತು ಇದನ್ನೇ ಹೇಳಿಕೊಂಡಾಗ ಬಾಳವ್ವ, "ಆರಕ್ಕ ಎಲ್ಲಿ ಬಿಡ್ತಾರ ಯವ್ವಾ, ಒಂಬತ್ತ ಆಗತದ" ಎಂದಳಂತೆ. ಮೋನಪ್ಪ ಎದ್ದು ಹೋದದ್ದು ಒಂಬತ್ತನೆಯ ದಿನ. ಅವನ ತಾಯಿ ಮುಂಚೆಯೇ ಮೂರು ದಿನಕ್ಕಾಗುವಷ್ಟು ರೊಟ್ಟಿ ತಂದಿಟ್ಟುಕೊಂಡಿದ್ದಳು.

ಒಂದು ಸಲ ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿ ಹೋಯಿತು ಎಂದುಕೊಂಡೆ. ಆದರೆ ಆಮೇಲೆ ಜನ ನನ್ನ ಹತ್ತಿರ ಅಂಕಿ ಕೇಳಿ, "ಆತ್ರೀ" ಎಂದು ತಲೆಯಾಡಿಸಿ, ಸೀದಾ ಹಿತ್ತಲಿಗೆ ಹೋಗತೊಡಗಿದರು. ಕಿಟಕಿಯಿಂದ ನನಗೆ ಕಾಣುತ್ತಿತ್ತು. ಅವಳು ಒಲೆಗೆ ಕಟ್ಟಿಗೆ ಒಟ್ಟುತ್ತ, ಮುಖವನ್ನೂ ಎತ್ತದೆ ಏನೋ ಹೇಳುತ್ತಿದ್ದಳು. ಬೆರಳು ಮಡಿಚುತ್ತಿದ್ದಳು. ನಾನು ಗುಟ್ಟಾಗಿ ಒಂದು ವಹಿ ಇಟ್ಟೆ. ಒಂದು ಪುಟದಲ್ಲಿ ನನ್ನ ಅಂಕಿ, ಎದುರು ಪುಟದಲ್ಲಿ ಅವಳದು. ನಲವತ್ತೊಂದು ರೋಗಿಗಳು ಬಂದು ಹೋದ ಮೇಲೆ ಕೂಡಿ ನೋಡಿದೆ. ನನ್ನವು ಇಪ್ಪತ್ತೆಂಟು ಸರಿ. ಅವಳವು ಮೂವತ್ತೆಂಟು. ವಹಿ ಮುಚ್ಚಿದೆ. 

ಅವಳ ಹತ್ತಿರ ಏನೋ ಕೈಚಳಕ ಇರಬೇಕೆಂದು ಅವಳ ಕೈಗಳನ್ನೇ ಕಾದೆ. ಕಾಲು ಒರೆಸುವಾಗ ಹಿಮ್ಮಡಿ ಒತ್ತುತ್ತಾಳೋ? ಬಟ್ಟೆ ಒಗೆಯುವ ಮೊದಲು ಬೆವರಿನ ವಾಸನೆ ನೋಡುತ್ತಾಳೋ? ಏನೂ ಕಾಣಲಿಲ್ಲ. ಸುಮ್ಮನೆ ಹರಟುತ್ತಿದ್ದಳು. "ಎಮ್ಮಿ ಯಾರ ಕರೀತಾರ? ನಿಮ್ಮ ಅಳಿಯಾ ಊರಾಗ ಅದಾನೋ ಇಲ್ಲೋ? ಬಸ್ಸಿಳದ ಮ್ಯಾಲ ಮನಿ ಎಷ್ಟ ದೂರ?" ಆ ಹರಟೆ ನನಗೆ ನೊಣದ ಗುಂಯ್‌ಗುಟ್ಟುವಿಕೆ. ಅದು ನಿಂತರೆ ಅವಳ ಗುಟ್ಟು ಹಿಡಿಯಬಹುದಿತ್ತಲ್ಲ ಎಂದು ಹಲ್ಲು ಕಡಿಯುತ್ತಿದ್ದೆ.

ನನ್ನ ಹೆಂಡತಿ ನಿಂಗವ್ವ ಒಮ್ಮೆ, "ಇಷ್ಟ ಒದ್ದಾಡೂದಕಿಂತ ಆಕಿನ್ನ ಕೇಳಬಾರದೇನ್ರಿ?" ಎಂದಳು.

"ನೀರ ಕಾಸಾಕಿನ್ನ ನಾ ಕೇಳಬೇಕಾ?" ಎಂದೆ.

 ಒಂದೆರಡು ವಾರಕ್ಕೆ ನಿಂಗವ್ವನ ಅಣ್ಣನೇ ವಾರ್ಡಿಗೆ ಸೇರಿದ. ನಾನು ಐದು ಎಂದೆ. ಸೀಮೆಸುಣ್ಣ ಹಿಡಿದು ಅವನ ಬಾಗಿಲಿಗೆ ಹೋದರೆ ನಿಂಗವ್ವ ಹೊಸ್ತಿಲ ಮೇಲೆ ನಿಂತಿದ್ದಳು. "ಐದ ಬ್ಯಾಡ್ರಿ. ಎಂಟ ಬರೀರಿ. ಬಾಳವ್ವನ್ನ ಕೇಳ್ಕೊಂಡ ಬಂದೇನಿ" ಎಂದಳು. ಅವಳ ಅತ್ತಿಗೆ ಒಳಗಿನಿಂದ ನೋಡುತ್ತಿದ್ದಳು. ನಿಂಗವ್ವ ಮೂವತ್ತು ವರ್ಷ ನನ್ನ ಜೊತೆ ಬಾಳಿದ ಹೆಂಗಸು. ನನ್ನ ಮುಖ ನೋಡಲಾಗದೆ ಅವಳು ನೆಲ ನೋಡುತ್ತಿದ್ದಳು, ಆದರೆ ದಾರಿ ಬಿಡಲಿಲ್ಲ. ಎಂಟು ಬರೆದೆ. ಇಂಗ್ಲಿಷ್ ಅಂಕಿಯ ಆ ಎಂಟರ ಎರಡು ಸೊನ್ನೆಗಳು ನನ್ನನ್ನು ನೋಡಿ ನಕ್ಕಂತಾಯಿತು. ಭಾವ ಮನೆಗೆ ಬಂದದ್ದು ಎಂಟನೆಯ ದಿನವೇ.

ದಿನಗಾರನ ಮನೆಯವಳೇ ಹೀಗೆ ಮಾಡಿದ ಮೇಲೆ ಊರಿಗೆ ಯಾರ ಮುಲಾಜು? ಬಾಗಿಲಿಗೆ ಹೋದರೆ ಸಾಕು, "ಗುರುಶಿದ್ದಪ್ಪಾರ, ಬಾಳವ್ವ ಏಳ ಅಂದಾಳ, ಏಳ ಬರೀರಿ" ಎನ್ನುತ್ತಿದ್ದರು. ನಾನು ಅವಳ ಅಂಕಿ ಬರೆಯುವ ಕೈ ಆದೆ. ಆ ವರ್ಷ ಚಳಿ ಶುರುವಾಗುವಾಗ ಅಂಗಳಗಳಲ್ಲಿ ರೊಟ್ಟಿ ಒಣಗಿದ್ದು ಕಾಣಲಿಲ್ಲ. "ಈ ಸಲ ಯಾಕ್ರೀ ರೊಟ್ಟಿ ಒಣಗಿಸಿಲ್ಲ?" ಎಂದು ಪಕ್ಕದ ಮನೆಯ ಮುದುಕಿಯನ್ನು ಕೇಳಿದೆ. "ಈಗ ಗುರುಶಿದ್ದಪ್ಪನ ರೊಟ್ಟಿ ಯಾಕಪಾ ಬೇಕು, ಬಾಳವ್ವ ಇಲ್ಲೇನು?" ಎಂದಳು. ಎಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಆ ಹೆಸರು ನನ್ನ ಕಿವಿಗೆ ಬಿದ್ದದ್ದು ಹಾಗೆ.

ಇನ್ನು ಮುಂದಿನದನ್ನು ಹೇಳುವುದು ಕಷ್ಟ. ನಮ್ಮ ಓಣಿಯಲ್ಲಿ ರುದ್ರವ್ವ ಎಂಬ ವಿಧವೆ ಇದ್ದಳು. ಸುಣ್ಣದ ಭಟ್ಟಿಯಲ್ಲಿ ಸುಣ್ಣ ಸಾಣಿಸುವ ಕೆಲಸ. ಮೂರು ಮಕ್ಕಳು. ದೊಡ್ಡವಳು ಕಸ್ತೂರಿಗೆ ಎಂಟು ವರ್ಷ, ನಡುವಿನವಳಿಗೆ ಆರು, ಕೊನೆಯವನು ಸಿದ್ರಾಮನಿಗೆ ನಾಲ್ಕು. ಪುಷ್ಯದ ಚಳಿಯಲ್ಲಿ ರುದ್ರವ್ವ ಉಸಿರು ಸಿಗದೆ ವಾರ್ಡಿಗೆ ಬಂದಳು. ಬೆನ್ನಿಗೆ ಕಿವಿ ಹಚ್ಚಿದೆ. ಎರಡೂ ಕಡೆ ಉಪ್ಪು ಸಿಡಿಯುತ್ತಿತ್ತು. "ಎಂಟು" ಎಂದೆ, ಎಲ್ಲರಿಗೂ ಕೇಳುವಂತೆ. ಬಾಳವ್ವ ಕಾಲು ಒರೆಸುತ್ತಿದ್ದವಳು, "ಐದಕ್ಕ ಹೋಗ್ತಾಳ್ರಿ" ಎಂದಳು. ಮಕ್ಕಳ ಬಾಗಿಲ ಮೇಲೆ ಐದು ಬರೆದೆ. ಕಸ್ತೂರಿ ತಮ್ಮನನ್ನು ಸೊಂಟದ ಮೇಲೆ ಇಟ್ಟುಕೊಂಡು, ನಾನು ಬರೆಯುವುದನ್ನು ನೋಡುತ್ತ ನಿಂತಿದ್ದಳು.

ಮೂರನೆಯ ದಿನಕ್ಕೆ ಜ್ವರ ಇಳಿಯಿತು. ನಾಲ್ಕನೆಯ ದಿನ ಅವಳು ಎದ್ದು ಕೂತು ತಲೆ ಬಾಚಿಕೊಂಡಳು. ಐದನೆಯ ದಿನ ಬೆಳಿಗ್ಗೆ ಅವಳ ಉಸಿರು ಎಣಿಸಿದೆ. ಹದಿನೆಂಟು. ಬೆನ್ನು ಹೆಚ್ಚುಕಡಿಮೆ ಶಾಂತವಾಗಿತ್ತು. ನಮ್ಮ ಹೊಸೂರ ಡಾಕ್ಟರು ಮೂರು ವಾರ್ಡು ಒಬ್ಬರೇ ನೋಡುವವರು, ಉಸಿರಿನ ಲೆಕ್ಕಕ್ಕೆ ನನ್ನನ್ನೇ ನಂಬಿದವರು. ಬಾಗಿಲಲ್ಲಿ ನಿಂತೇ ಕೇಳಿದರು, "ಗುರುಶಿದ್ದಪ್ಪಾ, ಈಕಿದು ಎಷ್ಟದ? ಕಳಸೂಣೇನು?"

"ಮೂವತ್ತೆರಡು ಸಾಹೇಬ್ರ" ಎಂದೆ. ಹಾಸಿಗೆಯ ತುದಿಯ ಹಾಳೆಯ ಮೇಲೆ ಮೂವತ್ತೆರಡು ಎಂದು ಬರೆದೆ. ನನ್ನ ಅಕ್ಷರ ಮುತ್ತಿನಂಥದ್ದು, ಅವತ್ತೂ ಹಾಗೇ ಇತ್ತು.

"ಹಂಗಾದ್ರ ಇನ್ನೊಂದ ಮೂರ ದಿನ ಇರಲಿ" ಎಂದು ಅವರು ಮುಂದೆ ಹೋದರು. ರುದ್ರವ್ವ ನನ್ನ ಕೈ ಹಿಡಿದುಕೊಂಡಳು. "ಅಣ್ಣಾ, ನನಗ ಆರಾಮ ಆಗೇದೋ. ಸರದಿ ಇವತ್ತಿಗೆ ಮುಗೀತದ. ಮಕ್ಕಳು ಏನ ಉಣ್ಣಬೇಕು?" "ಡಾಕ್ಟರ ಹೇಳ್ಯಾರವಾ, ನಾ ಏನ ಮಾಡ್ಲಿ" ಎಂದು ಕೈ ಬಿಡಿಸಿಕೊಂಡೆ. ಬಾಳವ್ವ ಪಕ್ಕದ ಹಾಸಿಗೆಯ ಬಟ್ಟೆ ಬಿಚ್ಚುತ್ತಿದ್ದಳು. ತಲೆ ಎತ್ತಿ ಒಮ್ಮೆ ರುದ್ರವ್ವನ ಎದೆಯನ್ನು ನೋಡಿದಳು, ಒಮ್ಮೆ ನನ್ನನ್ನು. ಮತ್ತೆ ಬಟ್ಟೆ ಬಿಚ್ಚತೊಡಗಿದಳು.

ಆರನೆಯ ದಿನ ನನ್ನ ಬದುಕಿನ ಬಹಳ ಸಂತೋಷದ ದಿನಗಳಲ್ಲಿ ಒಂದು. ಚಹಾದಂಗಡಿಯಲ್ಲಿ ಕೂತವರು, "ಬಾಳವ್ವಂದೂ ತಪ್ಪತು ನೋಡ್ರಿ. ಎಷ್ಟಾದ್ರೂ ಗುರುಶಿದ್ದಪ್ಪಾರ ಕಿವಿ ಕಿವೀನ" ಎಂದರು. ಇನ್ನೊಬ್ಬರ ಬಾಯಲ್ಲಿ ಮತ್ತೊಮ್ಮೆ ಅದನ್ನು ಕೇಳುವ ಆಸೆಗೆ ಎರಡನೆಯ ಕಪ್ಪು ಹೇಳಿದೆ. ಮನೆಗೆ ಬಂದು ನಿಂಗವ್ವನಿಗೂ ಹೇಳಿದೆ. ಅವಳು, "ಆ ಮಕ್ಕಳ ಮನ್ಯಾಗ ಒಣಾ ರೊಟ್ಟಿ ಅದಾವೋ ಇಲ್ಲೋ" ಎಂದಳಷ್ಟೆ. ನನಗೆ ಸಿಟ್ಟು ಬಂತು. ಇಷ್ಟು ದಿನಕ್ಕೆ ಒಮ್ಮೆ ಗೆದ್ದರೆ ಇವಳಿಗೆ ರೊಟ್ಟಿಯ ಚಿಂತೆ.

ಏಳನೆಯ ದಿನ ಬೆಳಿಗ್ಗೆ ಬೇಕೆಂದೇ ರುದ್ರವ್ವನ ಮನೆಯ ಮುಂದೆ ಹಾದು ಹೋದೆ. ಆ ತಪ್ಪಿದ ಐದನ್ನು ಬಾಗಿಲ ಮೇಲೆ ಕಣ್ಣಾರೆ ನೋಡಬೇಕಿತ್ತು. ಬಾಗಿಲು ತೆರೆದಿತ್ತು. ನಡುವಿನವಳು ತಟ್ಟೆಯಲ್ಲಿ ತಣ್ಣೀರಲ್ಲಿ ನೆನೆಸಿದ ಅವಲಕ್ಕಿ ಇಟ್ಟುಕೊಂಡು ತಿನ್ನಲಾಗದೆ ಕೂತಿದ್ದಳು. ಏಳು ದಿನ ಬೆಂಕಿ ಕಾಣದ ಮನೆ, ನೆಲ ಮಂಜುಗಡ್ಡೆ. ಕಸ್ತೂರಿ ನನ್ನನ್ನು ಕಂಡು ಎದ್ದು ನಿಂತಳು.

"ಕಾಕಾ, ನೀವು ಎಂಟ ಅಂದಿದ್ರಂತ. ನಾವ ನಿಮ್ಮ ಮಾತ ಕೇಳಲಿಲ್ಲ. ತಪ್ಪಾತು" ಎಂದಳು.

ಯಾರೋ ದೊಡ್ಡವರು ಹೇಳಿಕೊಟ್ಟಿರಬೇಕು, ಅಥವಾ ಅವಳಿಗೇ ಹಾಗೆ ಅನಿಸಿತ್ತೋ ಏನೋ. ಇಪ್ಪತ್ತೆರಡು ವರ್ಷದಲ್ಲಿ ಊರು ನನಗೆ ಕೊಟ್ಟ ಮರ್ಯಾದೆಯಲ್ಲಿ ಇದಕ್ಕಿಂತ ದೊಡ್ಡದಿರಲಿಲ್ಲ. ಅದನ್ನು ಎಲ್ಲಿ ಇಟ್ಟುಕೊಳ್ಳಲಿ ಎಂದು ತಿಳಿಯದೆ ನಿಂತಿದ್ದಾಗ ಅವಳ ಹಿಂದಿನಿಂದ, ಕಂಬಳಿಯೊಳಗಿಂದ, ಒಂದು ಉಸಿರು ಕೇಳಿಸಿತು. ಉಳಿದದ್ದು ಏನೇ ಇರಲಿ, ನನ್ನ ಕಿವಿ ಸುಳ್ಳು ಹೇಳುವುದಿಲ್ಲ. ಎಣಿಸಿದೆ. ಐವತ್ತರ ಮೇಲಿತ್ತು. ಸಿದ್ರಾಮನ ಮೈ ಕೆಂಡವಾಗಿತ್ತು, ತುಟಿ ನೇರಳೆ. ಕಂಬಳಿ ಸಮೇತ ಎತ್ತಿಕೊಂಡು ಓಡಿದೆ. ಐವತ್ಮೂರರ ವಯಸ್ಸಿನಲ್ಲಿ ಓಡುವ ಮನುಷ್ಯನನ್ನು ಊರು ನಿಂತು ನೋಡಿತು.

ಹಿತ್ತಲ ಬಾಗಿಲಿನಿಂದ ಒಳಗೆ ಹೋದೆ, ಅದು ಹತ್ತಿರ. ಬಾಳವ್ವ ಹಂಡೆಯ ಮುಂದೆ ಇದ್ದಳು. ಹುಡುಗನನ್ನು ನನ್ನ ಕೈಯಿಂದ ತೆಗೆದುಕೊಂಡು ವಾರ್ಡಿನ ಕಡೆ ಹೆಜ್ಜೆ ಹಾಕುತ್ತಲೇ ಹೇಳಿದಳು, "ಐದನೇ ದಿನ ಆಕಿದು ಉಸಿರು ನಾನೂ ಎಣಿಸೇನ್ರಿ. ಇಪ್ಪತ್ತರತನಾ ನನಗ ಎಣಿಸಾಕ ಬರತದ. ಇಪ್ಪತ್ತ ಮುಟ್ಟಲಿಲ್ಲ ಅದು."

"ಮತ್ತ ಸಾಹೇಬ್ರಿಗೆ ಯಾಕ ಹೇಳಲಿಲ್ಲ?"

"ನೀರ ಕಾಸಾಕಿ ಮಾತ ಯಾರ ಕೇಳ್ತಾರ್ರಿ? ನೀವ ಹೇಳ್ತೀರಿ ಅಂತ ನಿನ್ನಿ ಇಡೀ ದಿನ ಕಾದೆ."

ಡಾಕ್ಟರು ಹುಡುಗನಿಗೆ ಆಮ್ಲಜನಕದ ಕೊಳವೆ ಹಚ್ಚಿ, ಇಂಜೆಕ್ಷನ್ ಚುಚ್ಚಿ ಮುಗಿಸುವವರೆಗೆ ನಿಂತಿದ್ದೆ. ಆಮೇಲೆ ರುದ್ರವ್ವನ ಎದುರಿಗೇ ಹೇಳಿದೆ. ಮೂವತ್ತೆರಡು ಅಲ್ಲ, ಹದಿನೆಂಟು ಇತ್ತು, ನಾನು ಸುಳ್ಳು ಬರೆದೆ, ಬಾಳವ್ವನ ಮಾತು ತಪ್ಪಲಿ ಅಂತ ಬರೆದೆ. ಡಾಕ್ಟರು ಹಾಳೆಯ ಮೇಲಿನ ಮೂವತ್ತೆರಡನ್ನು ಹೊಡೆದು ಹಾಕಿದರು. "ಸೀಮಿಸುಣ್ಣದ ಡಬ್ಬಿ ಮೇಜಿನ ಮ್ಯಾಲ ಇಟ್ಟ ಹೋಗು" ಎಂದರು. ರುದ್ರವ್ವ ಹಾಸಿಗೆಯಿಂದ ಇಳಿದು ಮಗನ ಹಾಸಿಗೆಗೆ ಹೋಗಿ ಕೂತಳು. ಬೆನ್ನು ನನ್ನ ಕಡೆಗಿತ್ತು. "ನನ್ನ ಮಕ್ಕಳ ಕಣ್ಣಿಗೆ ಬೀಳಬ್ಯಾಡ್ರಿ" ಎಂದಳು. ಎರಡು ದಿನದ ಹಿಂದೆ ಅಣ್ಣಾ ಎಂದು ಕರೆದಿದ್ದ ಬಾಯಿ ಅದು.

ಡಬ್ಬಿಯನ್ನು ಬಾಳವ್ವನಿಗೆ ಕೊಟ್ಟರು. ಬೇಡವೆಂದಳು. "ನನಗ ಬರಿಯಾಕ ಬರೂದಿಲ್ರಿ" ಎಂದಳು. ಬೇರೆ ಯಾರೂ ಇರಲಿಲ್ಲ, ಹುಡುಗನ ದಿನ ಹೇಳಲೇಬೇಕಿತ್ತು. ನಾನು ಬಾಗಿಲ ಹೊರಗೆ ನಿಂತಿದ್ದೆ. ಅವಳು ನನ್ನ ಹತ್ತಿರ ಬಂದು ದನಿ ತಗ್ಗಿಸಿ, "ಬೆನ್ನು ಏನ ಹೇಳತದ್ರಿ?" ಎಂದು ಕೇಳಿದಳು. "ಆರು" ಎಂದೆ. ಅವಳು ಬೆರಳು ಮಡಿಚತೊಡಗಿದಳು. ಆಗ ಇಷ್ಟು ದಿನ ಗಂಟಲಲ್ಲಿ ಸಿಕ್ಕಿದ್ದ ಮುಳ್ಳು ತಾನಾಗಿ ಹೊರಬಂತು. "ನಿನಗ ಹೆಂಗ ಗೊತ್ತಾಗತದ ಬಾಳವ್ವಾ?"

ಇದೂ ಒಂದು ಪ್ರಶ್ನೆಯೇ ಎಂಬಂತೆ ನೋಡಿದಳು. "ಎದಿ ಆರಾಮ ಆದಕೂಡ್ಲೆ ಯಾರ ಮನಿಗೆ ಹೋಗ್ತಾರ್ರಿ? ಮೋನಪ್ಪಂದು ಆರನೇ ದಿನಕ್ಕ ಆರಾಮ ಆಗಿತ್ತು. ಹೆಂಡ್ತಿ ಬಾಣಂತಿ, ತಾಯಿ ಒಬ್ಬಾಕಿಗೆ ಅವನ್ನ ಹಿಡದ ನಡಸಾಕ ಆಗೂದಿಲ್ಲ, ಕರಕೊಂಡ ಹೋಗಾಕ ಅವನ ತಮ್ಮ ಸಂತಿ ದಿನಾನ ಬರಬೇಕು. ಅದಕ್ಕ ಒಂಬತ್ತ ಅಂದೆ. ನಿಮ್ಮ ಭಾವಂದೂ ಹಂಗ, ಮಾಳಗಿ ಸೋರತಿತ್ತು, ಅದನ್ನ ಹೊಚ್ಚೂತನಾ ಸಾಹೇಬ್ರು ಬಿಡಾಂಗಿಲ್ಲ ಅಂದ್ರು. ರುದ್ರವ್ವಗ ಮೂರ ಮಕ್ಕಳು. ಆಕಿ ಐದರ ಮ್ಯಾಲ ಒಂದ ತಾಸೂ ಮಲಗಾಕಿ ಅಲ್ಲ. ಜಡ್ಡನ್ನ ಒದ್ದ ಏಳ್ತಾಳ. ಕೇಳಿದ್ರ ಅವ್ರ ಹೇಳ್ತಾರ್ರಿ, ಗುಟ್ಟೇನದ ಇದರಾಗ?"

ಆ ನೊಣದ ಹರಟೆ. ಅದೇ ಆಗಿತ್ತು. ಅವಳ ಕೈ ನೋಡುತ್ತ ಕಿವಿ ಮುಚ್ಚಿಕೊಂಡಿದ್ದವನು ನಾನು, ಕಿವಿಯಿಂದಲೇ ಹೆಸರು ಮಾಡಿದವನು.

"ಈ ಹುಡುಗಗ ನಾಲ್ಕು" ಎಂದಳು ಅವಳು. "ಅವ್ವ ಮಗ್ಗಲದಾಗ ಅದಾಳ." ಹೋಗಿ ರುದ್ರವ್ವನ ಬಾಗಿಲ ಮೇಲಿನ ನನ್ನ ಐದನ್ನು ಒರೆಸಿ, ಅಂಕಿ ಬಾರದ್ದರಿಂದ ನಾಲ್ಕು ಗೆರೆ ಎಳೆದು ಬಂದಳು. ಇದು ಬೇರೆ ರೋಗಿಯ ಹೊಸ ಲೆಕ್ಕವಾದ್ದರಿಂದ ಪದ್ಧತಿಗೂ ಅಡ್ಡಿಯಾಗಲಿಲ್ಲ. ಸರದಿ ಹಿಂದಿನ ಸಲ ಎಲ್ಲಿ ನಿಂತಿತ್ತೋ ಅದರ ಮುಂದಿನ ಮನೆಯಿಂದ ಶುರುವಾಯಿತು. ಅವತ್ತೇ ಆ ಹುಡುಗಿಯರು ಬಿಸಿ ಅನ್ನ ಕಂಡರು. ನಾಲ್ಕನೆಯ ದಿನ ನಮ್ಮ ಮನೆಯದು.

ಆ ದಿನ ನಿಂಗವ್ವ ಬಿಸಿ ರೊಟ್ಟಿ, ಪುಂಡಿಪಲ್ಯ, ಹುಡುಗನಿಗೆಂದು ಮೆತ್ತಗಿನ ಅನ್ನ ಎಲ್ಲ ಬುಟ್ಟಿಗೆ ಹಾಕಿ ನನ್ನ ಮುಂದೆ ಇಟ್ಟಳು. "ನೀವ ಒಯ್ಯಿರಿ" ಎಂದಳು. "ಆಕಿ ಬರಬ್ಯಾಡ ಅಂದಾಳ" ಎಂದೆ. "ಅದಕ್ಕ ನೀವ ಒಯ್ಯಿರಿ" ಎಂದು ಒಳಗೆ ಹೋದಳು.

ಸಂಜೆ ಬುಟ್ಟಿ ಹಿಡಿದು ರುದ್ರವ್ವನ ಕಟ್ಟೆಯ ಪಕ್ಕ ನಿಂತೆ. ಹುಡುಗಿಯರು ಒಳಗಿದ್ದರು, ನಾನು ಕರೆಯಲಿಲ್ಲ. ಓಣಿಯ ತುದಿಯನ್ನೇ ನೋಡುತ್ತಿದ್ದೆ. ಹುಡುಗ ಉಳಿದದ್ದಕ್ಕೆ ಕಂಡ ದೇವರಿಗೆಲ್ಲ ಕೈಮುಗಿದಿದ್ದೆ. ಆದರೆ ಹೊತ್ತು ಇಳಿಯುತ್ತಿದ್ದಂತೆ, ಓಣಿ ಖಾಲಿಯಾಗಿಯೇ ಇದ್ದಂತೆ, ಮನಸ್ಸಿನ ಒಂದು ಮೂಲೆ ಎಣಿಸತೊಡಗಿತು. ಇವತ್ತು ಬರದಿದ್ದರೆ? ಐದಾದರೆ? ಆರಾದರೆ ನನ್ನದು. ಇಷ್ಟೆಲ್ಲ ಆದ ಮೇಲೂ ಅದು ಸತ್ತಿರಲಿಲ್ಲ. ನಾಚಿಕೆಯಿಂದ ಬುಟ್ಟಿಯ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಆದರೂ ಎಣಿಸುತ್ತಲೇ ಇದ್ದೆ.

ದೀಪ ಹಚ್ಚುವ ಹೊತ್ತಿಗೆ ಅವರು ಬಂದರು. ರುದ್ರವ್ವ ಮುಂದೆ, ಅವಳ ಬೆರಳು ಹಿಡಿದು ಸಿದ್ರಾಮ, ಹಿಂದೆ ಬಟ್ಟೆಯ ಗಂಟು ಹೊತ್ತ ಬಾಳವ್ವ. ಹುಡುಗ ಕಾಲೆಳೆಯುತ್ತ, ಆದರೆ ತಾನೇ ನಡೆದು ಬರುತ್ತಿದ್ದ. ಹತ್ತಿರ ಬಂದಾಗ ಅವನ ಉಸಿರು ಎಣಿಸಿದೆ. ಇಪ್ಪತ್ನಾಲ್ಕು. ನಾಲ್ಕು ವರ್ಷದ ಹುಡುಗನಿಗೆ ಅದು ಚೊಕ್ಕ ಲೆಕ್ಕ.

ರುದ್ರವ್ವ ನಿಂತಳು. ನನ್ನನ್ನು ನೋಡಲಿಲ್ಲ, ಬುಟ್ಟಿ ನೋಡಿದಳು. ಸರದಿಯ ಬುತ್ತಿಯನ್ನು ತಿರುಗಿಸಿ ಕಳಿಸುವುದು ನಮ್ಮಲ್ಲಿ ಇಲ್ಲ. ಮುಚ್ಚಳ ಸರಿಸಿ, ಬೆರಳ ತುದಿಯಿಂದ ಒಂದು ಚೂರು ಪಲ್ಯ ತೆಗೆದು ಬಾಯಿಗೆ ಹಾಕಿಕೊಂಡಳು. "ಉಪ್ಪ ಕಡಿಮಿ ಆಗೇದ ಅಂತ ಹೇಳ್ರಿ ನಿಂಗವ್ವಕ್ಕಗ" ಎಂದಳು. ಬುಟ್ಟಿ ತೆಗೆದುಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗೆ ಕಟ್ಟಿಗೆ ಚಟಪಟ ಎಂದಿತು. ಹತ್ತು ದಿನದ ಮೇಲೆ ಆ ಮನೆಯ ಮಾಳಿಗೆಯ ಬೆಳಕಿಂಡಿಯಿಂದ ಹೊಗೆ ಎದ್ದಿತು.

ಬಾಳವ್ವ ಗಂಟು ಇಳಿಸಿ, ಸೆರಗಿನಿಂದ ಬಾಗಿಲ ಮೇಲಿನ ಗೆರೆಗಳನ್ನು ಒರೆಸತೊಡಗಿದಳು. ನಾನು ನೋಡುತ್ತ ನಿಂತೆ. ಗೆರೆಗಳು ಸೊಟ್ಟಸೊಟ್ಟಗಿದ್ದವು, ಒಂದು ಉದ್ದ, ಒಂದು ಗಿಡ್ಡ, ಕೊನೆಯದಂತೂ ಅಡ್ಡ ಬಿದ್ದಿತ್ತು. ನಾನು ಬರೆದಿದ್ದರೆ ಎಷ್ಟು ಚಂದ ಇರುತ್ತಿತ್ತು ಎಂದುಕೊಂಡೆ.